ಬ್ರೇಕಿನ ಖರ್ಚು ಯಾರದು

ಕುಮಾಸಿ
ಭಾನುವಾರ, ೧೩ ಅಕ್ಟೋಬರ್ ೧೯೯೬

ನನ್ನ ಬೆನ್ನ ಮೇಲೆ ಬೆಳೆದ ತಂಗಿ ಪೊಕುವಾಳಿಗೆ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನೀನು ಊಟ ಮುಗಿಸಿ ನೆರಳಲ್ಲಿ ಕೂತಿರಬೇಕು ಎಂದು ನನ್ನ ಆಸೆ. ಹಸಿದ ಹೊಟ್ಟೆಯಲ್ಲಿ ಓದಬೇಡ. ಹಸಿವಾದರೆ ನಿನಗೆ ಸಿಟ್ಟು ಬೇಗ ಏರುತ್ತದೆ. ನಿನ್ನನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಅಮ್ಮನ ಹಿಂದೆ ಹೊಲಕ್ಕೆ ಹೋಗುತ್ತಿದ್ದ ಕಾಲದಿಂದ ನನಗೆ ಅದು ಗೊತ್ತು.

ಬರೆಯುವುದು ತಡವಾಯಿತು, ಕ್ಷಮಿಸು. ನಿಮ್ಮ ಟೆಚಿಮಾನ್‌ನಿಂದ ಇಲ್ಲಿಗೆ ಟೊಮ್ಯಾಟೊ ತರುವ ಅದೊಮಾ ನಿನ್ನ ಮಾತನ್ನು ತಂದು ಹಾಕಿ ಎರಡು ವಾರ ಮೀರಿತು. ಕೆಲಸವಿತ್ತು ಎಂದರೆ ಸುಳ್ಳಲ್ಲ. ಯೇಜಿಯಿಂದ ಎರಡು ಲೋಡು ಮೀನು ಒಟ್ಟಿಗೇ ಬಂದು, ಅದನ್ನು ಒಣಗಿಸುವ ಹೊಗೆಗೂಡಿನ ಮುಂದೆ ಕೂತು ಕೂತು ಕಣ್ಣು ಮೆಣಸಿನಕಾಯಿ ಆಗಿದೆ. ಆದರೆ ನಿಜ ಹೇಳಬೇಕೆಂದರೆ ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹರಿದು ಒಲೆಗೆ ಹಾಕಿದೆ. ಮೀನು ಕಟ್ಟುವ ಹಳೇ ಪೇಪರು ನೋಡಿ ಕಲಿತ ಅಕ್ಷರ ನನ್ನದು, ನಿಧಾನ. ಸಿಟ್ಟಿನ ಮಾತಿಗೆ ಆ ನಿಧಾನ ಹೊಂದುವುದಿಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ಸಿಟ್ಟು ಬೇರೆ ಕಡೆ ಹೋಗಿರುತ್ತದೆ.

ಮನೆಯ ಕಡೆ ಎಲ್ಲರೂ ಚೆನ್ನಾಗಿದ್ದಾರೆ. ನನ್ನ ಮಗಳು ಸೆವಾಳ ಮಗುವಿಗೆ ಮುಂದಿನ ಎರಡು ಹಲ್ಲು ಬಂದಿವೆ. ಎತ್ತಿಕೊಂಡವರನ್ನೆಲ್ಲ ಕಚ್ಚುತ್ತಾನೆ, ಪಾದ್ರಿಗಳನ್ನೂ ಬಿಟ್ಟಿಲ್ಲ. ಹೋದ ತಿಂಗಳ ಗಾಳಿಗೆ ಅಡುಗೆಮನೆಯ ತಗಡು ಹಾರಿ ಪಕ್ಕದ ಮನೆಯ ಕೋಳಿಗೂಡಿನ ಮೇಲೆ ಬಿತ್ತು. ಅವರು ತಗಡು ವಾಪಸು ಕೊಟ್ಟರು, ಆದರೆ ಒಂದು ಕೋಳಿ ಭಯದಿಂದ ಮೊಟ್ಟೆ ಇಡುವುದನ್ನೇ ನಿಲ್ಲಿಸಿದೆ ಎಂದು ದಿನಾ ಬೆಳಿಗ್ಗೆ ನನಗೆ ಕೇಳಿಸುವ ಹಾಗೆ ಅದಕ್ಕೆ ಸಮಾಧಾನ ಹೇಳುತ್ತಾರೆ.

ಇನ್ನು ವಿಷಯಕ್ಕೆ ಬರುತ್ತೇನೆ.

ಅದೊಮಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅವಳು ನಡುವೆ ಉಪ್ಪು ಖಾರ ಹಾಕಿದ್ದರೆ ನೀನೇ ತೆಗೆದುಬಿಡು. ಸಂತೆಯ ನಡುವೆ, ನನ್ನ ಗಿರಾಕಿಗಳ ಎದುರಿಗೇ ನಿಂತು ಅಂದಳು: "ಬಿರಾಗೊ, ನಿನ್ನ ತಂಗಿ ಹೇಳಿ ಕಳಿಸಿದಾಳೆ ಕೇಳು. ಬ್ರೇಕಿಗೆ ಎಂಬತ್ತು ಸಾವಿರ ಸೆಡಿ ಯಾವ ದೇಶದಲ್ಲೂ ಇಲ್ವಂತೆ. ಅಕ್ಕ ನನ್ನ ಮಗನ ಹೆಸರು ಹೇಳ್ಕೊಂಡು ಹೊಸ ಹೊಗೆಗೂಡು ಕಟ್ಟಿಸ್ತಾ ಇದಾಳೇನೋ ಅಂತ ಕೇಳು ಅಂದ್ಳು."

ಅವಳಿಗೆ ಎರಡು ಮೀನು ಕಟ್ಟಿ ಕೊಟ್ಟು ಕಳಿಸಿದೆ. ಎದುರಿಗಿದ್ದ ಗಿರಾಕಿ ಹೆಂಗಸು ಮಾತ್ರ ತನ್ನ ಚಿಲ್ಲರೆಯನ್ನು ಎರಡೆರಡು ಸಲ ನೋಡಿಕೊಂಡು ಹೋದಳು.

ನಮ್ಮ ಒಪ್ಪಂದ ನಿನಗೆ ಗೊತ್ತಿರುವುದೇ. ಆದರೂ ಮತ್ತೆ ಬರೆಯುತ್ತೇನೆ, ಏಕೆಂದರೆ ಜಗಳ ಅದರ ಹೊಟ್ಟೆಯೊಳಗೇ ಇದೆ. ಟ್ಯಾಕ್ಸಿ ನನ್ನದು, ಓಡಿಸುವವನು ನಿನ್ನ ಮಗ ಬರಿಮಾ. ವಾರಕ್ಕಿಷ್ಟು ಎಂದು ಅವನು ನನಗೆ ಕೊಡುತ್ತಾನೆ, ಎರಡು ವರ್ಷ ತುಂಬಿದ ದಿನ ಕಾರು ಅವನದಾಗುತ್ತದೆ. ಈ ಊರಿನ ಅರ್ಧ ಟ್ಯಾಕ್ಸಿಗಳು ಓಡುವುದೇ ಹೀಗೆ. ಬಲ್ಬು, ಪಂಕ್ಚರು, ಬ್ರೇಕಿನ ಪ್ಯಾಡು, ಇಂಥ ಸಣ್ಣ ರಿಪೇರಿ ಓಡಿಸುವವನ ಪಾಲು. ಎಂಜಿನು, ಗೇರು, ಬ್ರೇಕಿನ ಡಿಸ್ಕು, ಇಂಥ ದೊಡ್ಡ ಕಬ್ಬಿಣವೆಲ್ಲ ಒಡೆಯನ ಪಾಲು. ಬರಿಮಾ ಒಂದು ವಾರವೂ ತಪ್ಪಿಸಿದವನಲ್ಲ. ಇನ್ನು ಏಳು ತಿಂಗಳಿಗೆ ಕಾರು ಅವನದು. ಅದನ್ನು ನಾನು ನಿನಗಿಂತ ಹೆಚ್ಚಾಗಿ ಎದುರು ನೋಡುತ್ತಿದ್ದೇನೆ ಎಂದರೆ ನೀನು ಈಗ ನಂಬುವುದಿಲ್ಲ, ಇರಲಿ.

ಆವತ್ತು ಬಂತಾಮ ಇಳಿಜಾರಿನಲ್ಲಿ ಅವನು ಬ್ರೇಕು ಒತ್ತಿದಾಗ ಕಾರು ನಿಲ್ಲಲಿಲ್ಲ. ಕೈಬ್ರೇಕು ಎಳೆದು, ಚರಂಡಿಗೆ ಚಕ್ರ ಇಳಿಸಿ, ಒಬ್ಬಳು ಕಿತ್ತಳೆ ಮಾರುವವಳ ಮೇಜಿಗೆ ಮೂತಿ ತಾಗಿಸಿ ನಿಲ್ಲಿಸಿದ. ದೇವರು ದೊಡ್ಡವನು, ಆ ಹೆಂಗಸು ಆಗಷ್ಟೇ ಎದ್ದು ನೀರು ತರಲು ಹೋಗಿದ್ದಳಂತೆ. ಹಿಂದೆ ಕೂತಿದ್ದ ಮುದುಕ ಇಳಿದು, ಟೋಪಿ ಸರಿ ಮಾಡಿಕೊಂಡು, "ನಾನಿಳಿಯೋ ಜಾಗ ಇನ್ನೂ ಮುಂದೆ ಅಲ್ವೇನಪ್ಪಾ? ಅರ್ಧ ದುಡ್ಡು ತಗೋ" ಅಂದನಂತೆ. ಬರಿಮಾ ಇದನ್ನು ಹೇಳುವಾಗ ನಕ್ಕ. ನಕ್ಕು, ನಾನು ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದು ಮತ್ತೆ ಲೋಟ ಚಾಚಿದ.

ಕಾರನ್ನು ಎಳೆಸಿಕೊಂಡು ಸುವಾಮೆಯ ಗ್ಯಾರೇಜುಗಳ ಕೇರಿಗೆ, ನಮ್ಮ ಹಳೇ ಮೇಸ್ತ್ರಿ ಅಜೇಕುಮ್ ಹತ್ತಿರ ಒಯ್ದೆವು. ಅವನು ಚಕ್ರ ಬಿಚ್ಚಿ ತೋರಿಸಿದ. ಪ್ಯಾಡು ಪೂರ್ತಿ ಸವೆದು ಹಿಂದಿನ ತಗಡು ಉಳಿದಿತ್ತು. ಆ ತಗಡೇ ಡಿಸ್ಕನ್ನು ಉತ್ತು ಸಾಲು ಎಳೆದಿತ್ತು. "ಡಿಸ್ಕು ಎರಡೂ ಹೋಯ್ತಮ್ಮಾ. ಪ್ಯಾಡು, ಆಯಿಲು, ನನ್ನ ಕೂಲಿ, ಎಲ್ಲಾ ಸೇರಿ ಎಂಬತ್ತು ಸಾವಿರ" ಅಂದ. ಬರಿಮಾ ಕೂಡಲೇ, "ಪ್ಯಾಡು ನಂದು, ಡಿಸ್ಕು ನಿಮ್ದು ದೊಡ್ಡಮ್ಮ" ಅಂದ. ನಾನು, "ಪ್ಯಾಡು ಹೊತ್ತಿಗೆ ಸರಿಯಾಗಿ ಹಾಕಿಸಿದ್ದರೆ ಡಿಸ್ಕು ಯಾಕೋ ಹೋಗ್ತಿತ್ತು? ಅರ್ಧರ್ಧ" ಅಂದೆ. ಅಷ್ಟೇ ಪೊಕುವಾ, ನಡೆದದ್ದು ಅಷ್ಟು. ಅವನು ಆ ವಾರ ನಿನ್ನಲ್ಲಿಗೆ ಬಂದು ಏನು ಹೇಳಿದನೋ ನನಗೆ ಗೊತ್ತಿಲ್ಲ.

ಅದೊಮಾ ಹೋದ ಮೇಲೆ ನನಗೆ ಒಂದೇ ಹಟ ಬಂತು. ಬ್ರೇಕಿಗೆ ಸರಿಯಾದ ಬೆಲೆ ಎಷ್ಟು ಎಂದು ನಾನೇ ಹೋಗಿ ತಿಳಿಯುತ್ತೇನೆ. ಎಂಬತ್ತು ಸರಿ ಎಂದಾದರೆ ನೀನು ನನ್ನ ಎದುರು ತಲೆ ತಗ್ಗಿಸಬೇಕು, ಅಲ್ಲ ಎಂದಾದರೆ ನಾನು.

ಮೊದಲ ದಿನ ದೊಡ್ಡ ತಪ್ಪು ಮಾಡಿದೆ. ಸಾವಿನ ಮನೆಯಿಂದ ನೇರವಾಗಿ ಹೋದೆ, ಮೈಗೆ ಕಪ್ಪು ಬಟ್ಟೆ, ತಲೆಗೆ ಎತ್ತರದ ರುಮಾಲು, ಕತ್ತಿಗೆ ಅಮ್ಮನ ಮಣಿ. ಡಿಸ್ಕು ಮಾರುವ ಒಬ್ಬ ತರುಣ ನನ್ನ ಚಪ್ಪಲಿಯಿಂದ ರುಮಾಲಿನವರೆಗೆ ಕಣ್ಣಾಡಿಸಿ ತೊಂಬತ್ತು ಸಾವಿರ ಅಂದ. ಬರೀ ಡಿಸ್ಕಿಗೆ! ಪಕ್ಕದ ಅಂಗಡಿಯವನು ಅರವತ್ತು ಅಂದ, ಆದರೆ ಅವನ ಡಿಸ್ಕಿಗೆ ಹೊಸ ಬಣ್ಣ ಬಳಿದಿತ್ತು. ಉಗುರಿನಿಂದ ಕೆರೆದರೆ ಕೆಳಗೆ ತುಕ್ಕು. "ಏನಪ್ಪಾ, ಇದಕ್ಕೆ ಪೌಡರು ಹಾಕಿ ಮದುವೆಗೆ ಕಳಿಸ್ತಾ ಇದೀಯಾ?" ಎಂದೆ. "ಅಮ್ಮಾ, ಸತ್ತೋರಿಗೂ ನೀವು ಹೊಸಾ ಬಟ್ಟೆ ಹಾಕಲ್ವಾ?" ಎಂದ ಅವನು. ಸಾವಿನ ಮನೆಯಿಂದ ಬಂದವಳಿಗೆ ಆ ಮಾತು! ನಕ್ಕುಬಿಟ್ಟೆ. ನಕ್ಕ ಮೇಲೆ ಚೌಕಾಸಿ ಮಾಡಲು ಆಗುತ್ತದೆಯೇ, ವಾಪಸು ಬಂದೆ.

ಮಾರನೇ ವಾರ ಬುದ್ಧಿ ಬಂತು. ಹೊಗೆಗೂಡಿನ ಮುಂದಿನ ಬಟ್ಟೆಯಲ್ಲೇ, ಮೀನಿನ ವಾಸನೆಯೊಂದಿಗೆ, ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತೆ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಿನವೆಲ್ಲ ಕೆಟ್ಟಿತು ಎನ್ನುವ ನಂಬಿಕೆ ಮೀನಿನವರಿಗೆ ಇರುವ ಹಾಗೆ ಕಬ್ಬಿಣದವರಿಗೂ ಇದೆ. ಕೊನೆಯ ಸಾಲಿನಲ್ಲಿ ಟಿವಾ ಎನ್ನುವ ಹೆಂಗಸಿನ ಅಂಗಡಿ. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ. ಯುರೋಪಿನಿಂದ ಬಂದ ಹಳೇ ಕಾರುಗಳನ್ನು ಬಿಚ್ಚಿ ತೆಗೆದ ಸಾಮಾನು, ಬಣ್ಣಗಿಣ್ಣ ಇಲ್ಲ. ಅವಳಿನ್ನೂ ಅಂಗಡಿ ಗುಡಿಸುತ್ತಿದ್ದಳು.

"ನಲವತ್ತಾರು" ಅಂದಳು.

"ಬೆಳಗಿನ ಬಾಯಲ್ಲಿ ಅಂಥ ಮಾತಾಡಬೇಡ. ಮೂವತ್ತು."

"ಅಯ್ಯೋ, ಪೊರಕೆ ಇನ್ನೂ ಕೈಲಿದೆ, ನೋಡ್ಕೊಂಡು ಮಾತಾಡು! ನಿನ್ನ ಮೀನನ್ನ ನಾನು ತಲೆ ಬಿಟ್ಟು ಬರೀ ಬಾಲದ ಬೆಲೆ ಕೇಳಿದ್ರೆ ಕೊಡ್ತೀಯಾ?"

"ಬಾಲಕ್ಕೆ ಮೂವತ್ತೆರಡು ಕೊಡ್ತೀನಿ."

ಕೊನೆಗೆ ಮೂವತ್ತಾರಕ್ಕೆ ಇಬ್ಬರೂ ನಿಂತೆವು. ಆಗ ನಾನು ಕೇಳಿದೆ, "ನಮ್ಮ ಮೇಸ್ತ್ರಿ ಇದೇ ಡಿಸ್ಕಿಗೆ ಐವತ್ತು ಹಿಡಿದಿದಾನಲ್ಲ?"

"ಹಿಡೀದೆ ಏನು ಮಾಡ್ತಾನೆ? ಅವನ ಜೊತೆ ನೀನು ಬಂದಿದ್ರೆ ನಾನೂ ಐವತ್ತೇ ಅಂತಿದ್ದೆ. ನೀನು ಬೆನ್ನು ತಿರುಗಿಸಿದ ಮೇಲೆ ಹತ್ತು ಸಾವಿರ ಅವನ ಕೈಗೆ ಹೋಗ್ತಿತ್ತು."

"ಅದು ಕಳ್ಳತನ ಅಲ್ವೇನೇ?"

ಟಿವಾ ಪೊರಕೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. "ಹೋಟೆಲಿನ ಅಡುಗೆಯವಳು ಮೀನು ಕೊಳ್ಳೋಕೆ ಬಂದ್ರೆ ಅವಳ ಸ್ವಂತ ಮನೆಗೆ ಅಂತ ಒಂದೆರಡು ಮೀನು ಬೇರೆ ಕಟ್ಟಿ ಕೊಡ್ತೀಯೋ ಇಲ್ವೋ? ಆ ಹೋಟೆಲಿನ ಯಜಮಾನಿಗೆ ಅದು ಗೊತ್ತಾ?"

ಪೊಕುವಾ, ಇಷ್ಟು ವರ್ಷದಿಂದ ಕಟ್ಟಿ ಕೊಡುತ್ತಿದ್ದೇನೆ, ಅದರ ಬೆಲೆಯನ್ನು ಉಳಿದ ಮೀನಿನ ಮೇಲೆ ಹಾಕುತ್ತಿದ್ದೇನೆ. ಅದನ್ನು ನಾನು ವ್ಯಾಪಾರ ಎಂದುಕೊಂಡಿದ್ದೆ. ಮೇಸ್ತ್ರಿ ಮಾಡಿದಾಗ ಮಾತ್ರ ಕಳ್ಳತನದ ಹಾಗೆ ಕಂಡಿತು.

ಡಿಸ್ಕನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ಅಜೇಕುಮ್ ಹತ್ತಿರ ಹೋದೆ. ಅವನು ಬುಟ್ಟಿ ಇಳಿಸಿ ನೋಡಿದ. ಎಲ್ಲ ಅರ್ಥವಾಯಿತು, ಮುಖ ಕಪ್ಪಾಯಿತು. "ಅಂದ್ರೆ ನನ್ನ ಹೊಟ್ಟೆ ಮೇಲೆ ಕಾಲಿಟ್ರಿ" ಅಂದ.

"ನಿನ್ನ ಹೊಟ್ಟೆ ಎಷ್ಟು ಕೇಳುತ್ತೋ ಅದನ್ನ ಬಾಯಿಬಿಟ್ಟು ಹೇಳು ಮೇಸ್ತ್ರಿ. ಕಬ್ಬಿಣದೊಳಗೆ ಬಚ್ಚಿಡಬೇಡ."

"ಹೇಳಿದ್ರೆ ಕೊಡ್ತೀರಾ? ಕೂಲಿ ಹನ್ನೆರಡು ಸಾವಿರ ಅಂದ್ರೆ, 'ಒಂದು ಚಕ್ರ ಬಿಚ್ಚೋಕೆ ಹನ್ನೆರಡಾ, ನಿನಗೆ ದೇವರ ಭಯ ಇಲ್ವಾ' ಅಂತೀರ. ಏಳಕ್ಕೆ ಇಳಿಸ್ತೀರ. ಅದೇ ಡಿಸ್ಕಿಗೆ ಹತ್ತು ಜಾಸ್ತಿ ಹೇಳಿದ್ರೆ ಕಮಕ್ ಕಿಮಕ್ ಅನ್ನದೆ ಕೊಡ್ತೀರ. ಕಬ್ಬಿಣಕ್ಕೆ ಕೊಡ್ತೀರ, ಕೈಗೆ ಕೊಡಲ್ಲ. ಯಾರು ಯಾರನ್ನ ಕಳ್ಳ ಮಾಡಿದ್ದು ಹೇಳಿ ಅಮ್ಮಾ?"

ಹನ್ನೆರಡು ಕೊಡುತ್ತೇನೆ ಅಂದೆ. ಚೌಕಾಸಿ ಮಾಡಲಿಲ್ಲ. ಅವನಿಗೆ ನಂಬಿಕೆಯೇ ಬರಲಿಲ್ಲ, "ಏನು, ಹುಷಾರಿದೀರಾ?" ಅಂತ ಕೇಳಿದ. ಪ್ಯಾಡಿಗೂ ಆಯಿಲಿಗೂ ಸೇರಿ ಇನ್ನೊಂದು ಹನ್ನೆರಡು ಆಯಿತು. ಎಲ್ಲ ಕೂಡಿದರೆ ಅರವತ್ತು. ಎಂಬತ್ತು ಅಲ್ಲ. ಆದ್ದರಿಂದ ನೀನು ಹೇಳಿದ್ದು ಸರಿ, ಎಂಬತ್ತು ಜಾಸ್ತಿಯೇ ಇತ್ತು. ತಲೆ ತಗ್ಗಿಸುತ್ತೇನೆ ಅಂದಿದ್ದೆನಲ್ಲ, ತಗ್ಗಿಸಿದ್ದೇನೆ. ಆದರೆ ಆ ಇಪ್ಪತ್ತು ಸಾವಿರ ನನ್ನ ಹೊಗೆಗೂಡಿಗೆ ಬರುತ್ತಿರಲಿಲ್ಲ, ಪೊಕುವಾ.

*

ನಿನ್ನೆ ದೀಪದ ಎಣ್ಣೆ ಮುಗಿದು ಇಲ್ಲಿಗೆ ಬಿಟ್ಟಿದ್ದೆ. ಈಗ ಸೋಮವಾರ ಬೆಳಿಗ್ಗೆ, ಸೆವಾ ಮೀನು ತಿರುವುತ್ತಿದ್ದಾಳೆ.

ಬರಿಮಾನ ಮಾತು ಬರೆಯುವುದಿದೆ. ಅದನ್ನು ನೀನು ನನ್ನಿಂದಲೇ ಕೇಳಬೇಕು.

ಕೆಲಸ ನಡೆಯುವಾಗ ಗ್ಯಾರೇಜಿನಲ್ಲಿ ಕಾರು ಬಿಟ್ಟು ಯಾರೂ ಮನೆಗೆ ಹೋಗುವುದಿಲ್ಲ, ಹೋದರೆ ಒಳ್ಳೇ ಸಾಮಾನು ಬೇರೆ ಕಾರಿಗೆ ನಡೆದುಬಿಡುತ್ತದೆ. ಆದ್ದರಿಂದ ಡಿಸ್ಕು ಹಾಕಿಸಿದ ಆ ದಿನವಿಡೀ ನಾನೂ ಅವನೂ ಒಂದು ಹಳೇ ಕಾರಿನ ಸೀಟಿನ ಮೇಲೆ ಅಕ್ಕಪಕ್ಕ ಕೂತಿದ್ದೆವು. ಮೊದಮೊದಲು ಅವನು ಆ ಕಡೆ ಮುಖ ಮಾಡಿಕೊಂಡಿದ್ದ. ಹುರಿದ ಬಾಳೆಕಾಯಿ, ಕಡಲೆಕಾಯಿ ತರಿಸಿದೆ. ತಿನ್ನುವಾಗ ಮುಖ ಈ ಕಡೆ ತಿರುಗಿಸಲೇಬೇಕಾಯಿತು, ಪೊಟ್ಟಣ ನನ್ನ ಮಡಿಲಲ್ಲಿತ್ತು.

"ಯಾವಾಗಿಂದ ಸದ್ದು ಬರ್ತಿತ್ತೋ?" ಎಂದು ಕೇಳಿದೆ.

"ಯಾವ ಸದ್ದು?"

"ಬರಿಮಾ."

ಕಡಲೆಕಾಯಿ ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ ಊದಿದ. ಆಮೇಲೆ ಅಂದ: "ಈಸ್ಟರ್ ಮುಗಿದ ಮೇಲಿಂದ. ಎಲ್ಲಾ ಡ್ರೈವರ್‌ಗಳೂ ಹಾಗೇ ಮಾಡೋದು ದೊಡ್ಡಮ್ಮ. ಪ್ಯಾಡು ನಮ್ಮ ಜೇಬು, ಡಿಸ್ಕು ಓನರ್ ಜೇಬು. ಪ್ಯಾಡು ಕಿರಿಚಿದ್ರೆ ರೇಡಿಯೋ ಜೋರು ಮಾಡ್ಕೋತೀವಿ. ಡಿಸ್ಕು ಹೋಗೋ ತನಕ ತಳ್ಳಿದ್ರೆ, ಪ್ಯಾಡೂ ಅದರ ಜೊತೆ ಓನರ್ ಲೆಕ್ಕಕ್ಕೇ ಹೋಗುತ್ತೆ. ಸ್ಟ್ಯಾಂಡಲ್ಲಿ ಇದನ್ನ ಜಾಣತನ ಅಂತಾರೆ."

"ಪ್ಯಾಸೆಂಜರ್ ಸತ್ರೆ ಅದು ಯಾರ ಜೇಬು?"

ಕಿತ್ತಳೆಯವಳ ಖಾಲಿ ಸ್ಟೂಲು ಅವನಿಗೆ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ, "ಪೆಟ್ರೋಲು ಏರಿದೆ, ವಾರದ ದುಡ್ಡು ಅಷ್ಟೇ ಇದೆ. ಪ್ಯಾಡಿಗೆ ಅಂತ ಎತ್ತಿಟ್ಟಿದ್ದು ಎರಡು ಸಲ ನಿಮಗೇ ಕೊಟ್ಟೆ. ಒಂದು ವಾರ ತಪ್ಪಿದ್ರೆ ಕಾರು ವಾಪಸ್ ತಗೋತೀರೇನೋ ಅಂತ ಭಯ" ಅಂದ.

"ನಾನು ತಗೋತೀನಾ? ನಿನ್ನಿಂದ?"

"ಅಮ್ಮ ಹೇಳಿದ್ಲು. ದುಡ್ಡಿನ ವಿಷಯದಲ್ಲಿ ದೊಡ್ಡಮ್ಮ ಅಂತ ನೋಡಬೇಡ, ಓನರ್ ಅಂತ ನೋಡು ಅಂದ್ಲು."

ನೀನು ಹೀಗೆ ಹೇಳಿದೆಯೋ ಇಲ್ಲವೋ ಎಂದು ನಾನು ಕೇಳುತ್ತಿಲ್ಲ. ತಾಯಿ ಮಗನಿಗೆ ಹುಷಾರು ಹೇಳುವುದು ತಪ್ಪಲ್ಲ, ನಾನೂ ಸೆವಾಳಿಗೆ ಹೇಳುತ್ತೇನೆ. ನಮ್ಮಲ್ಲಿ ತಂಗಿಯ ಮಗ ಎಂದರೆ ನನ್ನ ಮಗನೇ, ನಾಳೆ ನನ್ನ ಶವ ಹೊರುವವನೂ ಅವನೇ. ಅವನು ನನಗೆ ಹೆದರಿ ಬ್ರೇಕಿಲ್ಲದ ಕಾರು ಓಡಿಸಿದ ಎಂದು ಆ ಸೀಟಿನ ಮೇಲೆ ಕೂತು ಕೇಳಿದಾಗ ಕೈಯಲ್ಲಿದ್ದ ಬಾಳೆಕಾಯಿಯನ್ನು ಪೊಟ್ಟಣಕ್ಕೇ ವಾಪಸು ಹಾಕಿದೆ.

ಆದ್ದರಿಂದ ಅಲ್ಲೇ ಅವನಿಗೆ ಹೇಳಿದೆ, ನಿನಗೂ ಬರೆಯುತ್ತಿದ್ದೇನೆ. ಈ ಸಲದ ಅರವತ್ತು ಪೂರ್ತಿ ನನ್ನದು. ಇನ್ನು ಮುಂದೆಯೂ ಕಾರನ್ನು ಓಡಿಸುವ ಖರ್ಚು ಅವನದು, ನಿಲ್ಲಿಸುವ ಖರ್ಚು ನನ್ನದು, ಪ್ಯಾಡು ಡಿಸ್ಕು ಆಯಿಲು ಎಲ್ಲ. ಸದ್ದು ಬಂದ ದಿನವೇ ನನಗೆ ಹೇಳಬೇಕು, ಹೇಳದಿದ್ದರೆ ರೇಡಿಯೋ ಕಿತ್ತು ಇಟ್ಟುಕೊಳ್ಳುತ್ತೇನೆ. ವಾರದ ದುಡ್ಡನ್ನೂ ಪೆಟ್ರೋಲಿಗೆ ತಕ್ಕ ಹಾಗೆ ಇಳಿಸಿದ್ದೇನೆ. ಆದರೂ ಏಳು ತಿಂಗಳು ಏಳೇ ತಿಂಗಳು. ಒಂದು ದಿನ ಹೆಚ್ಚಾಗುವುದಿಲ್ಲ. ಅವನು ಪೊಟ್ಟಣದಲ್ಲಿ ಉಳಿದ ಕಡಲೆಕಾಯಿಯನ್ನು ಸುಲಿದು ಸುಲಿದು ನನ್ನ ಕೈಗೆ ಹಾಕಿದ.

ಸಂಜೆ ಅದೇ ಇಳಿಜಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಇಳಿಸಿದ. ಕಿತ್ತಳೆಯವಳು ನಮ್ಮ ಕಾರು ಕಂಡ ಕೂಡಲೇ ಮೇಜನ್ನು ಹಿಂದಕ್ಕೆಳೆದುಕೊಂಡಳು. ಬರಿಮಾ ಅವಳ ಮುಂದೆ ಮೆಲ್ಲಗೆ, ಬೆಣ್ಣೆಯ ಹಾಗೆ ನಿಲ್ಲಿಸಿ, ಒಂದು ಚೀಲ ಕಿತ್ತಳೆ ಕೊಂಡ. ಅದರಲ್ಲಿ ಅರ್ಧ ನಿನಗೆಂದು ಈ ಕಾಗದದ ಜೊತೆ ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಸ್ಸಿನವನು ತಿಂದು ಉಳಿದದ್ದು ಸಿಗುತ್ತದೆ.

ನಿನ್ನ ಜೋಳದ ವ್ಯಾಪಾರ ಹೇಗಿದೆ? ಸೊಂಟ ನೋವಿಗೆ ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಅದನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದೀಯಾ? ನೀನು ಕೈ ಹಾಕಿದ ಮೂಟೆ ಹಗುರಾಗಲಿ, ನಿನ್ನ ಅಂಗಳಕ್ಕೆ ಕೆಟ್ಟ ಸುದ್ದಿ ದಾರಿ ತಪ್ಪಿ ಕೂಡ ಬಾರದಿರಲಿ, ನಿನ್ನ ಮಕ್ಕಳು ನಿನ್ನ ಕೂದಲು ಬೆಳ್ಳಗಾಗುವುದನ್ನು ನೋಡಲಿ, ನೀನು ಅವರದನ್ನು ನೋಡುವಂತಾಗಲಿ. ಅಮ್ಮನ ಆತ್ಮ ನಮ್ಮಿಬ್ಬರ ನಡುವೆ ಕೂತಿರಲಿ.

ಇನ್ನು ಮುಂದೆ ಏನಿದ್ದರೂ ಅದೊಮಾಳ ಬಾಯಲ್ಲಿ ಕಳಿಸಬೇಡ. ನೀನೇ ಬಂದು ಬೈಯಿ.

ನಿನ್ನ ಅಕ್ಕ
ಅಬೆನಾ ಬಿರಾಗೊ

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಕಾಗದ ಮಡಿಸಿಯೂ ಆಗಿತ್ತು. ಆದರೆ ಬರೆಯದೆ ಕಳಿಸಿದರೆ ಮೇಲೆ ಬರೆದ ಅಷ್ಟೂ ನಟನೆ ಆಗುತ್ತದೆ.

ಟಿವಾ ಡಿಸ್ಕನ್ನು ಪೇಪರಿನಲ್ಲಿ ಸುತ್ತುತ್ತಾ ನನ್ನ ಮುಖ ನೋಡಿ ಅಂದಳು: "ನಿನಗೆ ತಂಗಿ ಇದಾಳಾ? ಎರಡು ವಾರದ ಹಿಂದೆ ಮಂಗಳವಾರ ಒಬ್ಬಳು ಬಂದಿದ್ದಳು. ಇದೇ ಹಣೆ, ಇದೇ ಕಣ್ಣು, ಮಾತು ಮಾತ್ರ ಟೆಚಿಮಾನ್ ಕಡೇದು. ಇದೇ ಕಾರಿನ ಡಿಸ್ಕಿನ ಬೆಲೆ ಕೇಳಿದ್ಲು. ಈ ಸಾಲಿನ ಎಲ್ಲಾ ಅಂಗಡೀಲೂ ಕೇಳಿದ್ಲು. ಕೊಳ್ಳಲಿಲ್ಲ. ಸೊಂಟ ಹಿಡ್ಕೊಂಡು ಬಸ್ಸಿಗೆ ಹೋದ್ಲು."

ಅದೊಮಾ ನಿನ್ನ ಮಾತು ತಂದದ್ದು ಅದೇ ವಾರದ ಶುಕ್ರವಾರ.

ನೀನು ಬೆಲೆ ಕೇಳಿದ್ದಕ್ಕೆ ನನಗೆ ನೋವಿಲ್ಲ. ನಾನೂ ಕೇಳಲು ಹೋಗಿದ್ದೆ. ನನ್ನನ್ನು ನಂಬದೆ ಹೋದೆ, ಅದನ್ನೂ ಒಂದು ದಿನ ನುಂಗುತ್ತೇನೆ. ಆದರೆ ಟಿವಾಳ ಅಂಗಡಿಯಿಂದ ನನ್ನ ಮನೆಯ ಹೊಗೆ ಕಾಣುತ್ತದೆ, ಪೊಕುವಾ. ನಮ್ಮ ಮನೆಗೆ ಯಾರು ಬಂದರೂ, ಹಗೆಯವನೇ ಬಂದರೂ, ಮೊದಲು ಕೂರಿಸಿ ನೀರು ಕೊಡುತ್ತೇವೆ, ಆಮೇಲೆ ಬಂದ ಕಾರಣ ಕೇಳುತ್ತೇವೆ. ಅಮ್ಮ ನಮ್ಮಿಬ್ಬರಿಗೂ ಒಟ್ಟಿಗೇ ಕಲಿಸಿದ್ದು. ನೀನು ನನ್ನೂರಿಗೆ ಬಂದು, ನನ್ನ ಮನೆಯ ಹೊಗೆ ನೋಡಿ, ಬೆನ್ನು ತಿರುಗಿಸಿ ಹೋದೆ.

ಆ ಮಂಗಳವಾರ ಬಿಸಿಲು ಜೋರಾಗಿತ್ತು. ಯಾರ ಕೈಯಿಂದ ನೀರು ಕುಡಿದೆ?